ಎರಡನೇ ಬದಿ

ಭಾನುವಾರ ಮಧ್ಯಾಹ್ನ ಷಡ್ಡಕನ ಮನೆಯಿರುವ ಬೀದಿಯನ್ನು ಮೂರನೆಯ ಸಲ ಹಾದುಹೋಗುವಾಗ, ಮೂಲೆಯ ಔಷಧಿ ಅಂಗಡಿಯವನು ತನ್ನನ್ನೇ ನೋಡುತ್ತಿದ್ದಾನೆಂದು ಅವನಿಗೆ ಖಾತ್ರಿಯಾಯಿತು. ಮೊದಲ ಸಲ ಗಿರಾಕಿಯಿರಬಹುದೆಂದು ನೋಡಿದ್ದ. ಎರಡನೆಯ ಸಲ ವಿಳಾಸ ತಪ್ಪಿದವನಿರಬಹುದೆಂದು ನೋಡಿದ್ದ. ಈಗಿನ ನೋಟಕ್ಕೆ ಬೇರೆಯೇ ಅರ್ಥವಿತ್ತು. ಐವತ್ತನಾಲ್ಕರ ಗಂಡಸೊಬ್ಬ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂದು ಲಕೋಟೆಯೊಂದನ್ನು ಎದೆಗವಚಿಕೊಂಡು ಒಂದೇ ಬೀದಿಯಲ್ಲಿ ಶತಪಥ ಹಾಕಿದರೆ ಯಾರಿಗಾದರೂ ಅನುಮಾನ ಬಂದೀತು. ಅದನ್ನು ನಿವಾರಿಸಲೆಂದೇ ಅವನು ಅಂಗಡಿಯ ಮೆಟ್ಟಿಲು ಹತ್ತಿ, ಬೇರೇನೂ ತೋಚದೆ, ಕಣ್ಣಿಗೆ ಬಿಡುವ ಹನಿ ಕೇಳಿದ. "ಕಣ್ಣಿಗೇನಾಗಿದೆ?" ಎಂದ ಅಂಗಡಿಯವನು. "ಏನೂ ಆಗಿಲ್ಲ." "ಏನೂ ಆಗದೇ ಇದ್ರೆ ಹನಿ ಯಾಕೆ?" ಅವನು "ಜಾಸ್ತಿ ನೋಡೋ ಕೆಲಸ ನಂದು" ಎಂದುಬಿಟ್ಟ. ಅಂದ ಮರುಕ್ಷಣ ಕಿವಿ ಬಿಸಿಯಾಯಿತು. ಇಡೀ ವಾರದಲ್ಲಿ ತನ್ನ ಬಾಯಿಂದ ಬಂದ ಎಷ್ಟನೆಯ ಸುಳ್ಳು ಇದು ಎಂದು ಎಣಿಸಲು ಹೊರಟು, ಅರ್ಧಕ್ಕೇ ಬಿಟ್ಟು, ಹನಿಯ ಸೀಸೆಯನ್ನು ಜೇಬಿಗೆ ಸೇರಿಸಿ ಮತ್ತೆ ಬೀದಿಗಿಳಿದ.

ಎಣಿಸುವುದೇ ಅವನ ಕಸುಬು. ಪ್ರಜನನ ಸಂಶೋಧನಾ ಸಂಸ್ಥೆಯ ನೆಲಮಹಡಿಯಲ್ಲಿ, ಉದ್ದನೆಯ ಓಣಿಯ ಕೊನೆಗೆ, ಎರಡು ಕಿಟಕಿಗಳ ಒಂದು ಕೋಣೆ. ಒಂದು ಕಿಟಕಿ ಹಿಂದಿನ ಕೊಟ್ಟಿಗೆಗಳ ಕಡೆಗೆ. ಅಲ್ಲಿಂದ ಹೋರಿಗಳ ವೀರ್ಯ ಬರುತ್ತಿತ್ತು, ಬೆಚ್ಚಗಿನ ನಳಿಕೆಗಳಲ್ಲಿ, ಹೋರಿಯ ನಂಬರು, ಅದರ ತಂದೆತಾಯಿಯ ನಂಬರು, ಅದರ ಅಜ್ಜಿ ದಿನಕ್ಕೆ ಎಷ್ಟು ಹಾಲು ಕೊಟ್ಟಳೆಂಬ ವಿವರದ ಸಮೇತ. ಇನ್ನೊಂದು ಕಿಟಕಿ ಮುಂದಿನ ಆಸ್ಪತ್ರೆಯ ಕಡೆಗೆ. ಅಲ್ಲಿಂದ ಗಂಡಸರದ್ದು ಬರುತ್ತಿತ್ತು, ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು, ಅಜ್ಜಿಯ ಹೆಗ್ಗಳಿಕೆಯೇನೂ ಇಲ್ಲದೆ. ಎರಡಕ್ಕೂ ಗಾಜು ಒಂದೇ ಬಗೆಯದು. ಕಣ್ಣಿಗೆ ಕಾಣದಷ್ಟು ಸಣ್ಣ ಚೌಕಗಳನ್ನು ಕೊರೆದ ದಪ್ಪ ಗಾಜು. ಅದರಲ್ಲಿ ಎರಡು ಬದಿ. ಮಾದರಿಯನ್ನು ಚೆನ್ನಾಗಿ ಕಲಸಿ ಆ ಬದಿಗೊಂದು ಹನಿ, ಈ ಬದಿಗೊಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದಡಿ ಇಟ್ಟು, ಮೊದಲ ಬದಿಯ ವೀರ್ಯಾಣುಗಳನ್ನು ಎಣಿಸಬೇಕು, ಆಮೇಲೆ ಎರಡನೇ ಬದಿಯದನ್ನು. ಹನಿ ಗಾಜಿನ ಮೇಲೆ ಹೇಗೆ ಹರಡೀತೆಂದು ಹೇಳಲು ಬರುವುದಿಲ್ಲವಾದ್ದರಿಂದ ಒಂದೇ ಎಣಿಕೆಯನ್ನು ನಂಬಬಾರದು. ಎರಡಕ್ಕೂ ವಿಪರೀತ ವ್ಯತ್ಯಾಸ ಬಂದರೆ ಎರಡನ್ನೂ ಚೆಲ್ಲಿ ಹೊಸದಾಗಿ ಶುರುಮಾಡಬೇಕು. ಉಳಿದವರಿಗೆಲ್ಲ ಐದಾರಕ್ಕೊಮ್ಮೆಯಾದರೂ ಚೆಲ್ಲುವ ಪ್ರಸಂಗ ಬರುತ್ತಿತ್ತು. ಇವನ ಎರಡು ಬದಿಗಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಜಗಳವಾಡಿರಲಿಲ್ಲ. ಅದಕ್ಕೇ ಅವನಿಗೆ ತಕ್ಕಡಿ ಎಂದು ಹೆಸರು ಬಿದ್ದದ್ದು. ಹೊಸದಾಗಿ ಬಂದವರು ಅದು ಮನೆತನದ ಹೆಸರೇ ಇರಬೇಕೆಂದು ತಿಳಿದು ತಕ್ಕಡಿ ಸರ್ ಅನ್ನುತ್ತಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ಕೇಳುತ್ತ ಕೇಳುತ್ತ ಆ ಹೆಸರು ಅವನ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿತ್ತು.

ಸೋಮವಾರ ಬೆಳಿಗ್ಗೆ ಲೆಕ್ಕದ ಹುಡುಗಿ ಬಂದು ಅವನ ಮೇಜಿನ ಪಕ್ಕ ನಿಂತಿದ್ದಳು. ಅಂಕಿಅಂಶ ವಿಭಾಗಕ್ಕೆ ಹೊಸದಾಗಿ ಸೇರಿದವಳು. ವಯಸ್ಸು ಮೂವತ್ತು ದಾಟಿದ್ದರೂ ಸಂಸ್ಥೆಯವರ ಬಾಯಲ್ಲಿ ಹುಡುಗಿಯೇ. ಅವಳಿಗೆ ಸದಾ ನೆಗಡಿ. ಮೂಗೊರೆಸಿಕೊಳ್ಳುತ್ತ, ದೂರು ಹೇಳಲು ಬಂದವಳಂತಲ್ಲ, ವಿದ್ಯೆ ಕೇಳಲು ಬಂದವಳಂತೆ, "ಸರ್, ನಿಮ್ಮ ಹನ್ನೊಂದು ಸಾವಿರದ ನಾನೂರು ಜೋಡಿ ಸಂಖ್ಯೆ ಕಂಪ್ಯೂಟರಿಗೆ ಹಾಕಿ ನೋಡಿದೆ" ಎಂದಳು. "ಒಂದು ಕಡೆ ಇನ್ನೂರು ಬಂದ್ರೆ ಇನ್ನೊಂದು ಕಡೆ ಹದಿನೈದೋ ಇಪ್ಪತ್ತೋ ಆಚೀಚೆ ಆಗ್ಬೇಕು. ಅದು ಎಣಿಸೋರ ತಪ್ಪಲ್ಲ, ಹನಿಯ ಸ್ವಭಾವ. ಎಷ್ಟು ಹುಷಾರಾಗಿ ಎಣಿಸಿದ್ರೂ ಆಗ್ಬೇಕು. ನಿಮ್ಮದು ಐದು ದಾಟೇ ಇಲ್ಲ." ಅವನು ಕಣ್ಣನ್ನು ಸೂಕ್ಷ್ಮದರ್ಶಕದಿಂದ ತೆಗೆಯದೆ, "ಅನುಭವ" ಎಂದ. "ಅನುಭವಕ್ಕೆ ಹನಿ ಕೇಳಲ್ಲ ಸರ್" ಎಂದಳು ಆಕೆ, ಬಹಳ ಮೃದುವಾಗಿ. "ಇನ್ನೊಂದು ವಿಚಿತ್ರ. ನಿಮ್ಮ ಮೊದಲನೇ ಬದಿ ಸಂಖ್ಯೆ ಸೊನ್ನೆಯಲ್ಲಿ ಮುಗಿಯೋದು ಹತ್ತಕ್ಕೊಂದು ಸಲ. ಸರಿಯಾಗೇ ಇದೆ. ಎರಡನೇ ಬದಿ ಮಾತ್ರ ಸೊನ್ನೆಯಲ್ಲಿ ಮುಗಿಯೋದೇ ಇಲ್ಲ. ಹನ್ನೊಂದು ಸಾವಿರದಲ್ಲಿ ಏಳೇ ಏಳು ಸಲ." ಅವನಿಗೆ ಒಂದು ಕ್ಷಣ ನಿಜಕ್ಕೂ ಬೇಸರವಾಯಿತು, ಸಿಕ್ಕಿಬಿದ್ದದ್ದಕ್ಕಲ್ಲ, ತನ್ನ ಕಸುಬುಗಾರಿಕೆಯ ಕೊರತೆಗೆ. ಸೊನ್ನೆ ಬರೆದರೆ ಊಹಿಸಿ ಬರೆದ ಹಾಗೆ ಕಾಣುತ್ತದೆಂದು ತಾನು ಅಷ್ಟು ವರ್ಷ ಶ್ರದ್ಧೆಯಿಂದ ಅದನ್ನು ತಪ್ಪಿಸುತ್ತ ಬಂದಿದ್ದ. ಆ ಶ್ರದ್ಧೆಯೇ ಈಗ ಬೆರಳು ತೋರಿಸುತ್ತಿತ್ತು. ಅವಳು ಉತ್ತರಕ್ಕಾಗಿ ಕಾದಳು. ಅವನು ಲೆಕ್ಕ ಇಡುವ ಸಾಧನದ ಗುಂಡಿ ಒತ್ತುತ್ತ ಎಣಿಸುವ ನಟನೆ ಮುಂದುವರಿಸಿದ. ಸೂಕ್ಷ್ಮದರ್ಶಕದ ದೀಪ ಹೊತ್ತಿಸಿರಲಿಲ್ಲವೆಂದು ಅವಳು ಹೋದ ಮೇಲೆ ಗೊತ್ತಾಯಿತು. ಅವಳು ಅದನ್ನು ನೋಡಿಯೂ ಹೇಳದೆ ಹೋಗಿದ್ದಳು.

ಇದು ಶುರುವಾದದ್ದು ಹೇಗೆ ಎಂದು ಅವನು ಆ ರಾತ್ರಿಯಿಡೀ ಒಂದು ದೊಡ್ಡ ಕಾರಣಕ್ಕಾಗಿ ತಡಕಾಡಿದ. ತಂದೆಯ ಸಾವು, ದೊಡ್ಡ ಮಗಳ ಕಾಯಿಲೆ, ಮೇಲಧಿಕಾರಿಯ ಒತ್ತಡ, ಇಂಥದ್ದೇನಾದರೂ ಸಿಕ್ಕಿದ್ದರೆ ಅಪರಾಧಕ್ಕೂ ಒಂದು ಅಂದಚಂದ ಬರುತ್ತಿತ್ತು. ಸಿಕ್ಕಿದ್ದು ಮೂತ್ರ. ಹದಿನೆಂಟು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅವನಿಗೆ ತಡೆಯಲಾರದಷ್ಟು ಮೂತ್ರ ಬಂದಿತ್ತು. ನೆಲಮಹಡಿಯ ಶೌಚಾಲಯಕ್ಕೆ ಬೀಗ. ಕೀಲಿ ಗುಮಾಸ್ತನ ಹತ್ತಿರ. ಗುಮಾಸ್ತ ಊಟಕ್ಕೆ ಹೋಗಿದ್ದ. ಮೂರನೇ ಮಹಡಿಗೆ ಓಡುವ ಮುನ್ನ ಮುಂದಿದ್ದ ಹಾಳೆಯಲ್ಲಿ ಒಂದು ಬದಿ ತುಂಬಿತ್ತು, ಇನ್ನೊಂದು ಖಾಲಿಯಿತ್ತು. ನಿಂತ ಕಾಲಲ್ಲೇ ಮೊದಲಿನದಕ್ಕೆ ಮೂರು ಕಳೆದು ಬರೆದು ಓಡಿದ. ವಾಪಸು ಬಂದ ಮೇಲೆ ಆ ಹಾಳೆ ಎಷ್ಟು ಶಾಂತವಾಗಿ, ಎಷ್ಟು ಪೂರ್ಣವಾಗಿ ಕೂತಿತ್ತೆಂದರೆ ಅದನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಮರುದಿನ ಮೂತ್ರ ಬಂದಿರಲಿಲ್ಲ. ಆದರೂ ಬರೆದ.

ಮಂಗಳವಾರ ನಿರ್ದೇಶಕರ ಕೋಣೆಗೆ ಹೋದದ್ದು ತಪ್ಪೊಪ್ಪಿಗೆಗೇ. ಅಥವಾ ಲೆಕ್ಕದ ಹುಡುಗಿ ಹೋಗುವ ಮುಂಚೆ ತಾನು ಹೋಗಿಬಿಡಬೇಕೆಂಬ ಜಾಣತನಕ್ಕೆ. ಎರಡರಲ್ಲಿ ಯಾವುದು ಎಷ್ಟು ಪಾಲು ಎಂದು ಈಗ ಬೀದಿಯಲ್ಲಿ ನಡೆಯುತ್ತ ಯೋಚಿಸಿದರೂ ಬಗೆಹರಿಯಲಿಲ್ಲ. ನಿರ್ದೇಶಕರು ಹೋರಿಗಳ ವಿಭಾಗದಿಂದ ಮೇಲೆ ಬಂದವರು. ಕುತ್ತಿಗೆಯಲ್ಲಿ, ಕುರ್ಚಿಯಿಂದ ಏಳುವ ಬಗೆಯಲ್ಲಿ ಆ ವಿಭಾಗದ ಛಾಯೆ ಇನ್ನೂ ಉಳಿದಿತ್ತು. ಕೋಣೆಯ ಮೂಲೆಯಲ್ಲಿ ಎಣಿಸುವ ಹೊಸ ಯಂತ್ರ, ಬಿಳಿ ಬಟ್ಟೆ ಹೊದ್ದು, ಮುಖ ಮುಚ್ಚಿಕೊಂಡ ಆರೋಪಿಯ ಹಾಗೆ ಕೂತಿತ್ತು. ಕ್ಯಾಮರಾ ಇಟ್ಟುಕೊಂಡು ತಾನೇ ಎಣಿಸುವ ಯಂತ್ರ. ಅದರ ಕಥೆ ಸಂಸ್ಥೆಗೆಲ್ಲ ಗೊತ್ತು. ಬಂದ ಮೊದಲ ದಿನವೇ ಅದು ಒಂದು ಬದಿಗೆ ನೂರಾ ಎಂಬತ್ತೆಂಟು, ಇನ್ನೊಂದಕ್ಕೆ ಇನ್ನೂರ ಇಪ್ಪತ್ತೊಂದು ಎಂದಿತ್ತು. ಅದೇ ಗಾಜನ್ನು ತಕ್ಕಡಿಯ ಮುಂದಿಟ್ಟರೆ ನೂರಾ ತೊಂಬತ್ತು ಮತ್ತು ನೂರಾ ತೊಂಬತ್ತೆರಡು. ಯಂತ್ರ ಕೆಟ್ಟಿದೆಯೆಂದು ನಿರ್ದೇಶಕರು ತೀರ್ಮಾನಿಸಿದರು. ಕಂಪನಿಯ ಇಂಜಿನಿಯರು ಮೂರು ಸಲ ಬಂದ. ಮೊದಲೆರಡು ಸಲ ಯಂತ್ರ ಸರಿಯಾಗಿಯೇ ಇದೆಯೆಂದು ವಾದಿಸಿ ಬೈಸಿಕೊಂಡ. ಮೂರನೆಯ ಸಲ ವಾದಿಸದೆ ಒಳಗೇನೋ ತಿರುವಿ, ಎರಡನೇ ಸಂಖ್ಯೆ ಮೊದಲನೆಯದರ ಕಡೆಗೆ ವಾಲುವ ಹಾಗೆ ಮಾಡಿ, ಸಹಿ ಹಾಕಿಸಿಕೊಂಡು ಹೋದ. ಒಂದು ಮೂಕ ಯಂತ್ರ ತನ್ನನ್ನು ನೋಡಿ ಸುಳ್ಳು ಕಲಿತದ್ದನ್ನು ಕಂಡಾಗ ತಕ್ಕಡಿಗೆ ಯಾಕೋ ಮಗಳು ಮೊದಲ ಸಲ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ದಿನ ನೆನಪಾಗಿತ್ತು.

"ಸರ್, ಎರಡನೇ ಬದಿ ನಾನು ಎಣಿಸ್ತಾ ಇರಲಿಲ್ಲ" ಎಂದ. ನಿರ್ದೇಶಕರು ಫೈಲಿನಿಂದ ತಲೆ ಎತ್ತಲಿಲ್ಲ. "ಯಾವತ್ತು?" "ಯಾವತ್ತೂ." ಈಗ ತಲೆ ಎತ್ತಿದರು. ಕೋಪವಿರಲಿಲ್ಲ. ಹಸುವಿನ ಹೊಟ್ಟೆಗೆ ಭುಜದವರೆಗೆ ಕೈ ಹಾಕಿ ಕರು ಎಲ್ಲಿದೆಯೆಂದು ಹುಡುಕುವಾಗಿನ ದೂರದ ನೋಟವಿತ್ತು. "ದಣಿದಿದ್ದೀರಿ ನೀವು. ಗುರುವಾರ ನಮ್ಮ ಲ್ಯಾಬಿಗೆ ಮಾನ್ಯತೆ ಕೊಡೋ ತಂಡ ಬರೋದಿದೆ ಅಂತ ಎಲ್ಲರಿಗೂ ಹಾಗೇ ಆಗ್ತಿದೆ. ನಂಗೂ ಬಿ.ಪಿ. ಏರಿದೆ." "ದಣಿವಲ್ಲ ಸರ್. ಊಹೆ ಮಾಡಿ ಬರೀತಿದ್ದೆ." ನಿರ್ದೇಶಕರು ಪೆನ್ನು ಮುಚ್ಚಿದರು. "ನಿಮ್ಮ ಎಣಿಕೆ ನಂಬಿಕೊಂಡು ಎಷ್ಟು ಲಕ್ಷ ಕಡ್ಡಿ ಹೊರಗೆ ಹೋಗಿದೆ? ಅದರಿಂದ ಎಷ್ಟು ಕರು ಹುಟ್ಟಿವೆ?" ಕಡ್ಡಿಯೆಂದರೆ ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ತೆಳು ನಳಿಕೆ. "ಆ ಕರುಗಳೆಲ್ಲ ಈಗ ಲೆಕ್ಕ ತಪ್ಪಿತ್ತು ಅಂತ ವಾಪಸ್ ಹೋಗ್ತವಾ?" ಅವರು ಫೈಲನ್ನು ಪಕ್ಕಕ್ಕೆ ಸರಿಸಿದರು. "ಹೋಗಲ್ಲ ಅಲ್ವಾ? ಹಾಗಾದ್ರೆ ಲೆಕ್ಕ ಸರಿಯಾಗೇ ಇತ್ತು. ಹೋಗಿ, ಒಂದು ಲೋಟ ನೀರು ಕುಡೀರಿ." ಓಣಿಯಲ್ಲಿ ನಿಂತು ಅವನು ನಿಜವಾಗಿಯೂ ನೀರು ಕುಡಿದ. ಹದಿನೆಂಟು ವರ್ಷದ ಪಾಪವನ್ನು ತೆಗೆದುಕೊಳ್ಳಲು ಯಾರೂ ತಯಾರಿರಲಿಲ್ಲ. ವಿಳಾಸ ಸರಿಯಿಲ್ಲದ ಟಪಾಲಿನಂತೆ ಅದು ಅವನ ಕೈಗೇ ಮರಳಿತ್ತು.

ಗುರುವಾರ ಬಂದ ತಂಡದ ಮುಖ್ಯಸ್ಥ ಬೋಳುತಲೆಯ ಸಭ್ಯ ಮನುಷ್ಯ. ಎರಡು ದೇಶಗಳ ಪ್ರಯೋಗಾಲಯಗಳಿಗೆ ನಿಯಮಾವಳಿ ಬರೆದವನಂತೆ. "ನೀವು ಒಂದು ಬದಿ ಎಣಿಸಿ, ಇನ್ನೊಂದನ್ನ ನಾನು ಎಣಿಸ್ತೀನಿ" ಎಂದ. ನಿರ್ದೇಶಕರು, ಲೆಕ್ಕದ ಹುಡುಗಿ, ಇನ್ನೂ ಆರು ಜನ ಸುತ್ತ ನಿಂತರು. ತಕ್ಕಡಿ ಎಣಿಸಿ ಇನ್ನೂರ ಮೂರು ಎಂದು ಬೋರ್ಡಿನ ಮೇಲೆ ಬರೆದ. ಮುಖ್ಯಸ್ಥ ಕನ್ನಡಕ ತೆಗೆದು ಕೂತ. ತುಟಿಗಳು ಅಲುಗಾಡುತ್ತಿದ್ದವು, ಬೆರಳು ಗುಂಡಿ ಒತ್ತುತ್ತಿತ್ತು. ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಹಾಗೇ ಬಗ್ಗಿ ಕೂತಿದ್ದ. ಆಮೇಲೆ ಬೋರ್ಡನ್ನು ನೋಡಿದ. ತಕ್ಕಡಿ ಅವನ ಮುಖದ ಮೇಲೆ ಒಂದು ಪರಿಚಿತ ನೆರಳು ಹಾದುಹೋದದ್ದನ್ನು ಕಂಡ. ಅದು ಎಲ್ಲಿಯದೆಂದು ತಿಳಿಯಲು ಕನ್ನಡಿಯೇ ಬೇಕಿರಲಿಲ್ಲ. "ಇನ್ನೂರ ಐದು" ಎಂದ ಮುಖ್ಯಸ್ಥ, ಮತ್ತು ಗಂಟಲು ಸರಿಮಾಡಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕದ ಹುಡುಗಿಯ ಎರಡೂ ಕೈಯಲ್ಲಿ ಕರವಸ್ತ್ರವಿತ್ತು. ಅವರೆಲ್ಲ ಊಟಕ್ಕೆ ಹೋದ ಮೇಲೆ ತಕ್ಕಡಿ ಬಾಗಿಲು ಹಾಕಿ, ಗಾಜನ್ನು ಇನ್ನೊಂದು ಬದಿಗೆ ಸರಿಸಿ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಎರಡನೇ ಬದಿಯನ್ನು ಎಣಿಸಿದ. ಇನ್ನೂರ ಮೂವತ್ತೆರಡು. ಮತ್ತೆ ಎಣಿಸಿದ. ಅಷ್ಟೇ. ತನಗಿಂತ ದೊಡ್ಡವನೂ ತನ್ನಂಥವನೇ ಎಂದು ತಿಳಿದರೆ ಸಮಾಧಾನವಾಗಬೇಕಿತ್ತು. ಬದಲಿಗೆ ಒಂಟಿ ಕಳ್ಳನೆಂಬ ಹೆಮ್ಮೆಯೂ ಹೋಯಿತು. ಮಾನ್ಯತೆ ಸಿಕ್ಕಿತು. ಶುಕ್ರವಾರ ಲೆಕ್ಕದ ಹುಡುಗಿಯನ್ನು ಮೇವಿನ ವಿಭಾಗಕ್ಕೆ ಹಾಕಿದರು, ಹುಲ್ಲಿನ ತೇವಾಂಶ ಬರೆದಿಡಲು. ಅವಳು ತನ್ನ ಲೋಟ, ಕುರ್ಚಿಯ ದಿಂಬು ಎತ್ತಿಕೊಂಡು ಓಣಿಯಲ್ಲಿ ಹೋಗುವಾಗ ಅವನು ಕೋಣೆಯೊಳಗೆ ಬಗ್ಗಿ ಚಪ್ಪಲಿ ಹುಡುಕುವವನಂತೆ ನಿಂತಿದ್ದ. ಚಪ್ಪಲಿ ಕಾಲಲ್ಲೇ ಇತ್ತು.

ಆ ಶುಕ್ರವಾರವೇ ಅವನು ಹಳೆಯ ದಾಖಲೆಯ ಕೋಣೆಗೆ ಹೋಗಿ ಹದಿನೇಳು ವರ್ಷದ ಹಿಂದಿನ ಒಂದು ಹಾಳೆಯನ್ನು ಹುಡುಕಿ ತೆಗೆದದ್ದು. ಈಗ ಲಕೋಟೆಯಲ್ಲಿರುವುದು ಅದೇ. ಕರುಗಳು ವಾಪಸ್ ಹೋಗುವುದಿಲ್ಲ ಸರಿ, ಆದರೆ ಮುಂದಿನ ಕಿಟಕಿಯಿಂದ ಬಂದ ಡಬ್ಬಿಗಳಲ್ಲಿ ಒಂದು ಅವನ ಷಡ್ಡಕನದಾಗಿತ್ತು. ನಾದಿನಿಯ ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಷಡ್ಡಕ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು, ಕಿವಿಯ ಮೇಲೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡ ಮಿತಭಾಷಿ. ಅವನು ಮೊದಲ ಸಲ ಕೊಟ್ಟಾಗ ಮಿಲಿಲೀಟರಿಗೆ ಆರು ದಶಲಕ್ಷ ಬಂತು. ಕಡಿಮೆಯೆಂದರೂ ಹದಿನೈದಿರಬೇಕಾದ ಕಡೆ ಆರು. ಒಂದೇ ಪರೀಕ್ಷೆ ನಂಬಬಾರದು, ಕೆಲವು ವಾರ ಬಿಟ್ಟು ಮತ್ತೆ ಮಾಡಬೇಕೆಂಬುದು ನಿಯಮ. ಎರಡನೆಯ ಸಲದ ಡಬ್ಬಿಯನ್ನು ಷಡ್ಡಕ, ಸಾಲಿನಲ್ಲಿ ನಿಂತಿದ್ದರೂ, ಕಿಟಕಿಯಲ್ಲಿ ಕೊಡದೆ ಕೋಣೆಯ ಬಾಗಿಲಿಗೆ ಬಂದು ಇವನ ಕೈಗೇ ಕೊಟ್ಟ. ಮನೆಯವನದ್ದನ್ನು ಹೇಗೆ ಬಿಚ್ಚಿ ನೋಡುವುದೆಂಬ ಮುಜುಗರವೋ, ಮೊದಲೇ ಗೊತ್ತಿರುವುದನ್ನು ಮತ್ತೆ ನೋಡುವುದೇನೆಂಬ ಉಡಾಫೆಯೋ, ಇವನು ಅದನ್ನು ತೆರೆಯಲೇ ಇಲ್ಲ. ಒಂದು ಬದಿಗೆ ಆರು, ಇನ್ನೊಂದಕ್ಕೆ ಐದೂ ಮುಕ್ಕಾಲು ಎಂದು ಬರೆದು ಡಬ್ಬಿಯನ್ನು ಹಾಗೇ ಎಸೆದ. ತೆರೆದು ನೋಡಿದ್ದರೆ ಅರವತ್ತಿರಬಹುದಿತ್ತು. ಜ್ವರ ಬಂದು ಹೋದವನಿಗೂ ಒಮ್ಮೊಮ್ಮೆ ಆರು ಬರುತ್ತದೆ, ಆಮೇಲೆ ಸರಿಹೋಗುತ್ತದೆ. ಇವನು ಬರೆದ ಆ ಐದೂ ಮುಕ್ಕಾಲಿನಿಂದ ವೈದ್ಯರು ಕೈ ತೊಳೆದುಕೊಂಡರು, ಮನೆಯಲ್ಲಿ ಮಾತು ನಿಂತಿತು, ತೊಟ್ಟಿಲು ಬರಲಿಲ್ಲ.

ಮತ್ತು ಆ ದಿನದಿಂದ ಷಡ್ಡಕನ ಬಗ್ಗೆ ಅವನಲ್ಲಿ ಒಂದು ಕರುಣೆ ಹುಟ್ಟಿತು. ಸಾಕಿದ ಬೆಕ್ಕಿನ ಹಾಗೆ ಅದಕ್ಕೆ ಹಾಲು ಹಾಕಿ ಹದಿನೇಳು ವರ್ಷ ಬೆಳೆಸಿದ್ದ. ಮನೆಗೆ ಬಂದರೆ ಕೈಯಿರುವ ಕುರ್ಚಿ ಷಡ್ಡಕನಿಗೇ. ಷಡ್ಡಕ ಹಾಸ್ಯ ಹೇಳಿದರೆ ಅದು ಮುಗಿಯುವ ಮುನ್ನವೇ ಇವನ ನಗು. ಯಾರಾದರೂ ಮಕ್ಕಳ ಸುದ್ದಿ ತೆಗೆದರೆ ಇವನೇ ನಡುವೆ ಬಾಯಿ ಹಾಕಿ ಹವೆಯ ಸುದ್ದಿಗೆ ತಿರುಗಿಸುತ್ತಿದ್ದ, ತಿರುಗಿಸಿ ಷಡ್ಡಕನ ಕಡೆ ಒಂದು ನೋಟ ಬೀರುತ್ತಿದ್ದ. ಎರಡು ಹೆಣ್ಣುಮಕ್ಕಳ ತಂದೆಯ ಆ ಔದಾರ್ಯ ಅವನಿಗೆ ಊಟದ ನಂತರದ ಅಡಿಕೆಚೂರಿನಷ್ಟು ಹಿತವಾಗಿತ್ತು. ಹೆಂಡತಿ ಒಮ್ಮೆ, "ನನ್ನ ತಂಗಿ ಗಂಡನ್ನ ಕಂಡ್ರೆ ನಿಮಗೆ ಅದೇನು ಅಷ್ಟು ಪ್ರೀತಿ? ನನ್ನ ತಮ್ಮ ಬಂದ್ರೆ ಪೇಪರ್ ಮುಖಕ್ಕಡ್ಡ ಹಿಡೀತೀರ" ಎಂದಿದ್ದಳು. ಇವತ್ತು ಮನೆಯಿಂದ ಹೊರಡುವಾಗ ಕೂಡ, "ಭಾನುವಾರ ಯಾರು ಹೀಗೆ ಇಸ್ತ್ರಿ ಹಾಕ್ಕೊಂಡು ಷಡ್ಡಕನ ಮನೆಗೆ ಹೋಗ್ತಾರೆ?" ಎಂದು ಕೇಳಿದ್ದಳು. ಇವನು ಹವೆಯ ಸುದ್ದಿ ಮಾತಾಡಿದ್ದ.

ನಾಲ್ಕನೆಯ ಸಲ ಬೀದಿ ದಾಟಲು ಔಷಧಿ ಅಂಗಡಿಯವನ ಭಯವಾಗಿ ಅವನು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. "ಬನ್ನಿ ಅಣ್ಣ" ಎಂದ ಷಡ್ಡಕ, ಆಶ್ಚರ್ಯವನ್ನೇನೂ ತೋರಿಸದೆ. ಕಿಟಕಿಯ ಬಳಿಯ ಮೇಜಿನ ಮೇಲೆ ಶಾಲಾ ಭೂಗೋಳದ ಕರಡು ಹರಡಿತ್ತು. ಅಂಚಿನಲ್ಲೆಲ್ಲ ಕೆಂಪು ಗುರುತುಗಳು. ನಾದಿನಿ ಒಳಗಿನಿಂದ, "ಭಾವ ಬಂದ್ರಾ? ಕಾಫಿ ಇಡ್ತೀನಿ" ಎಂದಳು. ಕೋಣೆ ಅಚ್ಚುಕಟ್ಟಾಗಿತ್ತು, ಮಕ್ಕಳಿಲ್ಲದ ಮನೆಯ ಅಚ್ಚುಕಟ್ಟು ಎಂದು ಪ್ರತಿಸಲ ಅಂದುಕೊಳ್ಳುವ ಹಾಗೆ ಈ ಸಲವೂ ಅಂದುಕೊಂಡು, ತನ್ನ ಕರುಣೆ ಇನ್ನೂ ಬಾಲವಾಡಿಸುತ್ತಿರುವುದನ್ನು ಕಂಡು ಹೇಸಿಗೆಯಾಯಿತು. ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯವಿತ್ತು. "ಆ ಎರಡನೇ ರಿಪೋರ್ಟು" ಎಂದು ಶುರುಮಾಡಿ, ಮುಂದಿನದನ್ನು ಹೇಳುವ ಬದಲು ಲಕೋಟೆಯಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಷಡ್ಡಕ ಕನ್ನಡಕ ಹಾಕಿಕೊಂಡು, ಕರಡು ಓದುವವನ ಹಾಗೆ ಪ್ರತಿ ಸಾಲಿನಡಿಗೂ ಬೆರಳಿಟ್ಟು ಓದಿದ. ಓದಿ ಮುಗಿಸಿದಾಗ ಅವನ ಮುಖ ಅರಳಿತ್ತು. "ಇನ್ನೂ ಇಟ್ಕೊಂಡಿದ್ದೀರಾ ಇದನ್ನ?" ಎಂದು, ಒಳಗೆ ತಿರುಗಿ, "ಬಾ ಇಲ್ಲಿ. ಅಣ್ಣ ಏನು ತಂದಿದ್ದಾರೆ ನೋಡು" ಎಂದು ಕರೆದ.

ನಾದಿನಿ ಕಾಫಿಯ ಲೋಟವನ್ನು ತಂದು ಭಾವನ ಕೈಗೆ ಕೊಟ್ಟು, ಗಂಡನ ಹೆಗಲ ಮೇಲಿಂದ ಓದಿದಳು. ಅವಳಿಗೂ ನಗು ಬಂತು. ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು. "ಇಷ್ಟು ವರ್ಷ ನೀವು ಇದರ ಮಾತೇ ಎತ್ತಲಿಲ್ಲ. ನಾವೂ ಎತ್ತಲಿಲ್ಲ" ಎಂದ ಷಡ್ಡಕ. "ಆದ್ರೆ ಒಂದಲ್ಲ ಒಂದು ದಿನ ಕೇಳ್ತೀರ ಅಂತ ಗೊತ್ತಿತ್ತು. ಯಾಕೆ ಹಾಗೆ ಮಾಡಿದೆ ಅಂತ." ತಕ್ಕಡಿಗೆ ಒಂದೂ ಅರ್ಥವಾಗಲಿಲ್ಲ. "ಇವಳಿಗೆ ಇಪ್ಪತ್ತನೇ ವಯಸ್ಸಲ್ಲಿ ಆಪರೇಷನ್ ಆಗಿತ್ತು. ಮಕ್ಕಳಾಗಲ್ಲ ಅಂತ ಆಗಲೇ ಹೇಳಿದ್ರಂತೆ. ಇವಳಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅತ್ತಿಗೆಗೂ ಗೊತ್ತಿಲ್ಲ. ಮದುವೆಗೆ ಮುಂಚೆ ನಂಗೆ ಇವಳೇ ಹೇಳಿದಳು. ನಾನು ಸರಿ ಅಂದೆ." "ಸರಿ ಅನ್ನೋಕೆ ಎರಡು ದಿನ ತಗೊಂಡ್ರು" ಎಂದಳು ನಾದಿನಿ. "ಒಂದೂವರೆ" ಎಂದ ಷಡ್ಡಕ. "ಆಮೇಲೆ ನಮ್ಮಮ್ಮ ಇಬ್ಬರಿಗೂ ಪರೀಕ್ಷೆ ಆಗ್ಲೇಬೇಕು ಅಂತ ಹಿಡಿದು ಕೂತ್ರು. ಇವಳಿಗೆ ಮಾಡಿಸಿದ್ರೆ ಕಥೆ ಮುಗೀತಿತ್ತು. ತವರಿಗೆ ಕಳಿಸೋ ಮಾತು ಆಗ್ಲೇ ನಡೀತಿತ್ತು. ನಂದ್ರಲ್ಲೇ ತಪ್ಪು ಸಿಕ್ಕಿಬಿಟ್ರೆ ಇವಳ ತಂಟೆಗೆ ಯಾರೂ ಬರಲ್ಲ ಅನ್ನಿಸ್ತು. ಮೊದಲನೇ ಸಲ ಡಬ್ಬಿಗೆ ನಲ್ಲಿ ನೀರು ಬೆರೆಸಿದೆ. ಆರು ಅಂತ ಬರೆದ್ರಿ. ಎರಡನೇ ಸಲ ಬೇಕು ಅಂದಾಗ ಭಯ ಆಯ್ತು. ಎಷ್ಟು ನೀರು ಹಾಕಿದ್ದೆ ಅಂತ ನೆನಪಿರಲಿಲ್ಲ. ಹೆಚ್ಚುಕಡಿಮೆ ಆಗಿ ಸರಿಯಾದ ಲೆಕ್ಕ ಬಂದುಬಿಟ್ರೆ? ಅದಕ್ಕೆ..." ಅವನು ಹೆಂಡತಿಯ ಕಡೆ ನೋಡಿದ. "ಮೊಟ್ಟೆ ಒಡೆದು ಬಿಳಿದು ಹಾಕಿ ಕೊಟ್ರು" ಎಂದಳು ಅವಳು. "ಬರೀ ಮೊಟ್ಟೆ ಭಾವ. ಹಳದಿ ಭಾಗ ನಾನು ತಿಂದೆ."

"ನಿಮ್ಮ ಕೈಗೇ ಕೊಟ್ಟು ಮನ್ಸಲ್ಲೇ ಕೈ ಮುಗಿದೆ" ಎಂದ ಷಡ್ಡಕ. "ನೋಡಿದ ತಕ್ಷಣ ಗೊತ್ತಾಗುತ್ತೆ, ಇನ್ನು ಇವರು ಮನೆಯವರ ಮುಂದೆ ಕೇಳ್ತಾರೆ ಅಂತ ಮೂರು ದಿನ ನಿದ್ದೆ ಇಲ್ಲ. ರಿಪೋರ್ಟು ಬಂತು. ಆರು, ಐದೂ ಮುಕ್ಕಾಲು. ಮೊಟ್ಟೆಯಲ್ಲಿ. ನಾವಿಬ್ಬರೂ ಈ ಗೋಡೆಗೆ ಒರಗಿ ಕೂತು ಅತ್ತೆವು ಅಣ್ಣ. ಎಷ್ಟು ದೊಡ್ಡ ಮನಸ್ಸು, ಒಂದು ಮಾತು ಕೇಳದೆ ಬರೆದುಕೊಟ್ರಲ್ಲ ಅಂತ. ತಪ್ಪು ಕಣ್ಣಿಗೆ ಕಂಡ ಮೇಲೆ ಅದನ್ನ ಹಾಗೇ ಬಿಡೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು. ನನ್ನ ಕೆಲಸವೇ ಅದಲ್ವಾ." ಆಮೇಲೆ ದನಿ ತಗ್ಗಿಸಿ, "ಬಂದಾಗೆಲ್ಲ ನೀವು ನಂಗೆ ಆ ಕುರ್ಚಿ ಎಳೆದು ಕೊಡೋದು, ಮಾತು ಮರೆಸಿ ನನ್ನ ಕಡೆ ಒಂದು ನೋಟ ಹಾಕೋದು, ಎಲ್ಲ ಅರ್ಥ ಆಗ್ತಿತ್ತು" ಎಂದ.

ಮೊದಲು ಬಂದದ್ದು ನಾಚಿಕೆಗೆಟ್ಟ ನೆಮ್ಮದಿ. ಬಿಡುಗಡೆ. ತನ್ನ ಸುಳ್ಳು ಯಾರ ಹೊಟ್ಟೆಯನ್ನೂ ಉರಿಸಿರಲಿಲ್ಲ, ಬದಲಿಗೆ ಒಂದು ಸಂಸಾರವನ್ನು ಕಾಪಾಡಿತ್ತು. ಆ ನೆಮ್ಮದಿ ಒಂದು ಗುಟುಕು ಕಾಫಿ ಒಳಗಿಳಿಯುವಷ್ಟು ಹೊತ್ತೂ ಬಾಳಲಿಲ್ಲ. ಹಿಂದೆಯೇ ಹದಿನೇಳು ವರ್ಷದ ಕುರ್ಚಿಗಳು, ನಗುಗಳು, ನೋಟಗಳು ಒಂದೊಂದಾಗಿ ತಲೆಕೆಳಗಾಗಿ ಬೀಳತೊಡಗಿದವು. ತಾನು ಕನಿಕರಿಸುತ್ತ ಬಂದ ಮನುಷ್ಯ ತನ್ನ ಮೇಲೆ ತಾನೇ ಕಳಂಕ ಹೊತ್ತುಕೊಂಡು, ಊರವರ ಪಿಸುಮಾತನ್ನು ಛತ್ರಿಯ ಹಾಗೆ ಹೆಂಡತಿಯ ತಲೆಯ ಮೇಲೆ ಹಿಡಿದು ನಡೆದಿದ್ದ. ಅಷ್ಟೇ ಅಲ್ಲ, ತಕ್ಕಡಿಯ ಕನಿಕರವನ್ನು ಸ್ನೇಹವೆಂದು ತಿಳಿದು ಗೌರವಿಸಿದ್ದ. "ಹೇಳಿ ಭಾವ" ಎಂದಳು ನಾದಿನಿ, ಮುಂದಕ್ಕೆ ಬಗ್ಗಿ, ಹುಡುಗಿಯ ಉತ್ಸಾಹದಲ್ಲಿ. "ಮೈಕ್ರೋಸ್ಕೋಪಲ್ಲಿ ಹೇಗೆ ಕಾಣಿಸ್ತು ಮೊಟ್ಟೆ? ನಗು ಬರ್ಲಿಲ್ವಾ ನಿಮಗೆ?"

ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ಮೇಲೆ ಬಂದೂ ಬಿಟ್ಟಿತು. "ನೊರೆ ನೊರೆ ಇತ್ತು" ಎಂದ. "ಬರೀ ಖಾಲಿ ಚೌಕ. ಆಗ್ಲೇ ಗೊತ್ತಾಯ್ತು ನಂಗೆ." ಅವರಿಬ್ಬರೂ ನಕ್ಕರು. ಷಡ್ಡಕ ಮೇಜು ತಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನಗುವನ್ನು ನೋಡುತ್ತ ಕೂತ ತಕ್ಕಡಿ ಲೋಟ ಕೆಳಗಿಟ್ಟ. ಸತ್ಯದ ಮೇಲಿನ ಪ್ರೀತಿಯಿಂದ ಅವನು ಮುಂದಿನ ಮಾತು ಆಡಿದನೆಂದು ಹೇಳಲಾಗದು. ಒಂದು ವಾರದಿಂದ ಹೊತ್ತು ತಿರುಗುತ್ತಿದ್ದ ತಪ್ಪೊಪ್ಪಿಗೆ ನಿರ್ದೇಶಕರಲ್ಲೂ ಚೆಲ್ಲದೆ ಇಲ್ಲೂ ಚೆಲ್ಲದೆ ಮತ್ತೆ ಮನೆಗೆ ಹೊತ್ತುಕೊಂಡು ಹೋಗಬೇಕಲ್ಲ ಎಂಬ ಸಂಕಟವೇ ಹೆಚ್ಚಿತ್ತು. "ಇಲ್ಲ" ಎಂದ. "ನೋಡಲಿಲ್ಲ ನಾನು. ಡಬ್ಬಿ ತೆರೀಲೇ ಇಲ್ಲ. ಸುಮ್ನೆ ಬರೆದೆ."

ಅವರ ನಗು ಒಮ್ಮೆಲೇ ನಿಲ್ಲಲಿಲ್ಲ. ಗಾಲಿ ಕಳಚಿದ ಬಂಡಿಯಂತೆ ಸ್ವಲ್ಪ ದೂರ ಉರುಳಿ ನಿಂತಿತು. "ಸುಮ್ನೆ ಅಂದ್ರೆ?" ಎಂದ ಷಡ್ಡಕ. "ನಮ್ಮ ಮೇಲಿನ ದಯೆಗಲ್ವಾ?" "ಅಲ್ಲ. ಎಲ್ಲರದ್ದೂ ಎರಡನೇ ಲೆಕ್ಕ ಹಾಗೇ ಬರೀತಿದ್ದೆ." ಷಡ್ಡಕ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು ನೋಡಿದ, ಈ ಸಲ ಬೆರಳಿಡದೆ. ತಕ್ಕಡಿ ಬೈಗುಳಕ್ಕೆ ಕಾದ. ಬೈದಿದ್ದರೆ ಆ ಒಂದು ಸಂಸಾರದ ಲೆಕ್ಕವಾದರೂ ಅಲ್ಲಿಗೆ ಚುಕ್ತಾ ಆಗುತ್ತಿತ್ತು. ಷಡ್ಡಕ ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ, "ಅವತ್ತು ನನ್ನ ಮುಂದೆ ಸಾಲಲ್ಲಿ ಒಬ್ಬ ಇದ್ದ" ಎಂದ. "ಬೂದು ಬಣ್ಣದ ಸ್ವೆಟರು. ಅವನದೂ ಎರಡನೇ ಸಲವೇ. ಡಬ್ಬಿ ತಣ್ಣಗಾಗಬಾರದು ಅಂತ ಅಷ್ಟು ಹೊತ್ತೂ ಕಂಕುಳಲ್ಲಿ ಒತ್ತಿ ಹಿಡ್ಕೊಂಡಿದ್ದ. ಈ ಸಲ ಸರಿಯಾಗಿ ಬರಬಹುದು ಅಲ್ವಾ ಸರ್ ಅಂತ ನನ್ನನ್ನೇ ಕೇಳಿದ. ನಾನು ಬರುತ್ತೆ ಬಿಡಿ ಅಂದೆ. ನನ್ನ ಡಬ್ಬಿಯಲ್ಲಿದ್ದದ್ದು ಮೊಟ್ಟೆ." ಇವನ ಕಡೆ ತಿರುಗಿ, "ಅವನದು ಮೊಟ್ಟೆಯಾಗಿರಲಿಲ್ಲ ಅಣ್ಣ. ಅವನದೂ ತೆರೀಲಿಲ್ವಾ?" ಎಂದ.

"ನೆನಪಿಲ್ಲ" ಎಂದ ತಕ್ಕಡಿ. ಅದು ನಿಜವಾಗಿತ್ತು. ಇಡೀ ವಾರದಲ್ಲಿ ಆಡಿದ ಮಾತುಗಳಲ್ಲಿ ಅದಕ್ಕಿಂತ ನಿಜವಾದದ್ದು ಇರಲಿಲ್ಲ, ಅದಕ್ಕಿಂತ ಹೊಲಸಾದದ್ದೂ ಇರಲಿಲ್ಲ. ಬೂದು ಸ್ವೆಟರನ್ನು ನೆನಪಿಸಿಕೊಳ್ಳಲು ಅವನು ಕಣ್ಣು ಮುಚ್ಚಿ ಪ್ರಯತ್ನಿಸಿದ. ಮುಂದಿನ ಕಿಟಕಿ ಕಂಡಿತು, ಕಿಟಕಿಯೊಳಗೆ ಬಂದು ಹೋಗುವ ಕೈಗಳು ಕಂಡವು, ಒಂದಕ್ಕೂ ಮುಖವಿರಲಿಲ್ಲ. ಕಣ್ಣು ತೆರೆದಾಗ ನಾದಿನಿ ಎದ್ದು ನಿಂತಿದ್ದಳು. ಅವನ ಅರ್ಧ ಕುಡಿದ ಲೋಟವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಿದ್ದಳು. "ಹೊತ್ತಾಯ್ತು ಭಾವ" ಎಂದಳು. "ಅಕ್ಕ ಕಾಯ್ತಿರ್ತಾಳೆ. ಹೋಗಿ."

ಅವನು ಎದ್ದ. ಹಾಳೆ ಷಡ್ಡಕನ ಕೈಯಲ್ಲೇ ಉಳಿಯಿತು. ಅದನ್ನು ಕೇಳುವ ಧೈರ್ಯ ಬರಲಿಲ್ಲ. ಬಾಗಿಲಾಚೆ ಬಂದು ಮೊದಲ ಮೆಟ್ಟಿಲ ಮೇಲೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಪಟ್ಟಿ ಸರಿಯಾಗಿಯೇ ಇತ್ತು. ಬಿಚ್ಚಿ, ಮತ್ತೆ ಹಾಕಿ, ಇನ್ನೊಂದು ಕಾಲಿನದನ್ನೂ ಬಿಚ್ಚಿದ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಈ ಬಾಗಿಲಲ್ಲಿ ನಾದಿನಿ ಅವನನ್ನು ಒಂದು ಸಲವೂ ಬರೀ ಹೋಗಿ ಎಂದು ಕಳಿಸಿರಲಿಲ್ಲ. ಹೋಗಿ ಬನ್ನಿ ಎಂದೇ ಕಳಿಸಿದ್ದಳು, ಯಾರನ್ನೇ ಆದರೂ ಹಾಗೆಯೇ ಕಳಿಸುತ್ತಿದ್ದಳು, ಹಾಲಿನವನನ್ನೂ, ಅಂಚೆಯವನನ್ನೂ. ಮಾತಿನ ಉಳಿದರ್ಧ ಮರೆತಿರಬಹುದು, ಈಗ ನೆನಪಾಗಿ ಬಾಗಿಲಿಗೆ ಬಂದಾಳು ಎಂದು ಅವನು ಬಗ್ಗಿಕೊಂಡೇ ಕಾದ. ಒಳಗೆ ಲೋಟ ತೊಳೆಯುವ ಸದ್ದು ಕೇಳಿಸಿತು. ನಲ್ಲಿ ನಿಂತಿತು. ಹೆಜ್ಜೆಗಳು ಬಾಗಿಲವರೆಗೆ ಬಂದವು. ಅವನು ತಲೆ ಎತ್ತುವಷ್ಟರಲ್ಲಿ ಬಾಗಿಲು, ಸದ್ದಾಗದಂತೆ ಮೆಲ್ಲಗೆ, ಮುಚ್ಚಿಕೊಂಡಿತು.